ಎಷ್ಟರಾಗ ನೂರು

ಮುಂಜಾನಿ ಹತ್ತಕ್ಕ ಸ್ವಿಚ್ ಒತ್ತಿದರ
ಹತ್ತೂ ಇಪ್ಪತ್ತಕ್ಕ ಕಣ್ಣು ತೆರೀತದ.
ಒಂದು ಬಿಲ್ಲು ತೆಗಿ ಅಂದರ
ನೀಲಿ ಉಂಗುರ ಸುತ್ತತದ, ಸುತ್ತತದ,
ಗೇಟಿನ್ಯಾಗ ಲಾರಿ ಹಾರ್ನ್ ಹೊಡೀತದ.
ಎರಡಕ್ಕೆರಡು ಪರಸಿ, ಪಾಲಿಶ್ ಆದದ್ದು, ಆರುನೂರು ತುಂಡು,
ಕತ್ತಲಾಗೋದ್ರಾಗ ಲಾತೂರ ಮುಟ್ಟಬೇಕು.
ಡ್ರೈವರ್ ಕಿಡಕಿಯಾಗ ಮಾರಿ ಇಟ್ಟು
“ಬಾಯೀ, ಕೈಲೇ ಬರದು ಕೊಡ್ರಲ್ಲ” ಅಂತಾನ.

ಶಹಾಬಾದ ಸ್ಟೇಷನ್ ಆಚಿ ನಮ್ಮ ಫ್ಯಾಕ್ಟರಿ.
ತಗಡಿನ ಕೆಳಗ ಮೂರು ಮಶೀನು,
ಬಾಜೂಕ ಆಫೀಸಂತ ಒಂದು ಖೋಲಿ,
ಖೋಲಿಯಾಗ ನಾನು, ಲೆಕ್ಕ, ಲ್ಯಾಪ್‌ಟಾಪು.

ಎಲ್ಲಾರೂ ಔಷಧ ಹೇಳಿದರು.
ಬಂದ್ ಮಾಡಿ ಚಾಲೂ ಮಾಡು, ಅಂದ ಸಾಹುಕಾರ ಗುಂಡೇರಾವ.
ವೈರಸ್ಸು, ಅಂದ ಅವನ ಅಳಿಯ.
ಮೊಬೈಲ್ ಅಂಗಡಿ ಜಿಲಾನಿ ಹೊಸದೇ ತಗೋ ಅಂದ.
ನಮ್ಮ ಅತ್ತಿ, ನಿಂಬೀಹಣ್ಣು ಇಳಸು ಅಂದಳು.
ಇಳಿಸಿದ್ದೂ ಆಯ್ತು, ಯಾರೂ ನೋಡಲಾರದಾಗ.

ಆಮ್ಯಾಲ ಟಾಸ್ಕ್ ಮ್ಯಾನೇಜರ್ ತಗದು ಕುಂತೆ.
ಹಾಜರಿ ಪುಸ್ತಕ ಇದ್ದಾಂಗ ಅದ ಅದು:
ಯಾರ್ಯಾರು ಬಂದಾರ, ಯಾರು ಎಷ್ಟು ತಿಂದಾರ.
ಬ್ರೌಸರು ಹದಿನಾಲ್ಕು ಹೆಸರಿಲೆ ಸಹಿ ಹಾಕ್ಯಾದ.
ಕಾವಲಿಗೆ ಇಟ್ಟ ಆಂಟಿವೈರಸ್ಸು
ತಾನೇ ಮೂವತ್ತು ತಿಂತದ.
ಇನ್ನೊಬ್ಬ ಯಾರೋ ಪ್ರಿಂಟರಿನ ನೌಕರ,
ಪ್ರಿಂಟರು ಗುಜರಿಗೆ ಹೋಗಿ ಎರಡು ವರ್ಷಾತು,
ಅವ ಇನ್ನೂ ದಿನಾ ಬಂದು ಕುಂತಿರ್ತಾನ.
ಒಬ್ಬೊಬ್ಬರನ್ನ ಎಬ್ಬಿಸಿ ಕಳಿಸಿದೆ.
ಆದರೂ ಮ್ಯಾಲ ಹಾಂಗೇ ಬರದಿತ್ತು: ನೂರು.

ಕೆಲಸದವರೇ ಇಲ್ಲ, ಕೆಲಸ ನೂರು ಹ್ಯಾಂಗ?

ಆವಾಗ ಕಣ್ಣಿಗೆ ಬಿತ್ತು ಸಣ್ಣ ಅಕ್ಷರ.
ವೇಗ, ಸೊನ್ನಿ ಪಾಯಿಂಟ್ ಮೂರು ಒಂಬತ್ತು.
ಇರಬೇಕಾದ್ದು ಎರಡೂವರಿ ಮ್ಯಾಲ.
ನಾ ಇಷ್ಟು ದಿನ ನೂರು ಒಂದೇ ನೋಡಿದ್ದೆ,
ಎಷ್ಟರಾಗ ನೂರು, ಅದು ನೋಡಿರಲಿಲ್ಲ.
ಅದರ ಮೈ ಸುಡತಿತ್ತು.
ಪೂರಾ ಸುಟ್ಟು ಹೋಗಬಾರದಂತ
ತನ್ನ ಹೆಜ್ಜಿ ತಾನೇ ಸಣ್ಣ ಮಾಡಿಕೊಂಡು
ಉಳಿದ ಅಷ್ಟರಾಗ
ಬರೋಬ್ಬರಿ ನೂರು ಕೊಡಲತ್ತಿತ್ತು.

ಹೊಲಿಗಿ ಮಶೀನಿನ ಸ್ಕ್ರೂಡ್ರೈವರ್ ಮನಿಂದ ತಂದೆ.
ಊಟದ ಹೊತ್ತಿನ್ಯಾಗ, ಕಲ್ಲಿನ ಸಪ್ಪಳ ನಿಂತಾಗ,
ಬೋರಲು ಹಾಕಿ ಬೆನ್ನು ಬಿಚ್ಚಿದೆ.
ಫ್ಯಾನು ಕಾಣಲೇ ಇಲ್ಲ.
ಅದು ಇರೋ ಜಾಗದಾಗ
ಬೂದಿ ಬಣ್ಣದ ಕಂಬಳಿ ತುಂಡೊಂದು
ಒತ್ತಿ ಒತ್ತಿ ಕುಂತಿತ್ತು, ಉಗುರಿಗೆ ಬರಲಾರದಷ್ಟು ಗಟ್ಟಿ.
ಅಂಗೈ ಮ್ಯಾಲ ಇಟ್ಟು ನೋಡಿದರ
ಬ್ಯಾರೆ ಏನಲ್ಲ, ನಮ್ಮದೇ ಪರಸಿ.
ಆರುನೂರು ತುಂಡಿನ ಲೆಕ್ಕದಾಗ ಬರಲಾರದ್ದು,
ಬಿಲ್ಲು ಆಗಲಾರದ ಮಾಲು.

ಹಳೇ ಹಲ್ಲಿನ ಬ್ರಶ್ಶು, ಸೈಕಲ್ ಪಂಪು,
ಜಿಲಾನಿ ಕಡಿಂದ ಜ್ವಾಳದ ಕಾಳಿನಷ್ಟು ಬಿಳಿ ಪೇಸ್ಟು.
ಚಾಲೂ ಮಾಡಿದೆ.
ಮಗ್ಗಲಿಂದ ಗಾಳಿ ಬಂತು, ಬಿಲ್ಲಿನ ಹಾಳಿ ಅಲಗ್ಯಾಡಿತು.
ಎರಡು ಪಾಯಿಂಟ್ ಆರು.

ಸಾಹುಕಾರ ನೋಡಿ, “ಇನ್ಮ್ಯಾಲ ಪ್ಲಾಸ್ಟಿಕ್ ಹೊಚ್ಚಿ ಇಡು” ಅಂದ.
ಉಸಿರಾಡೋದಕ್ಕ ಹೊಚ್ಚಲಕ ಬರಂಗಿಲ್ರಿ, ಅಂದೆ.
ಅವನಿಗೆ ಕೇಳಿಸಲಿಲ್ಲ, ಮಶೀನು ಚಾಲೂ ಆಗಿದ್ದವು.

ಮೌಲಪ್ಪ ಚಾಕ್ಕ ಬಂದ.
ಇಪ್ಪತ್ತೆರಡು ವರ್ಷದಿಂದ ಎರಡನೇ ಮಶೀನು ಅವಂದು.
ಗೇಟಿನಿಂದ ಅಲ್ಲಿ ತನಕ ಮೂವತ್ತು ಹೆಜ್ಜಿ,
ಈಗೀಗ ನಡುವ ಎರಡು ಸಲ ಕೂಡತಾನ.
ಹೋದ ವಾರ ಅವನ ಹೆಸರಿನ ಮುಂದ
‘ಸ್ಲೋ’ ಅಂತ ಬರದವಳು ನಾನೇ,
ಸಾಹುಕಾರ ಹೇಳಿದ, ಬರದೆ.

ಮೇಜಿನ ಮ್ಯಾಲಿನ ಕಂಬಳಿ ತುಂಡು
ಎರಡು ಬೆರಳಿಲೆ ಎತ್ತಿ, ಮೂಸಿ, ಇಟ್ಟ.
“ಇದೊಂದಕ್ಕೇ ಏನವ್ವ?”
“ಇದೊಂದಕ್ಕೇ.”
ನಕ್ಕ. ನಗು ಕೆಮ್ಮಾಯ್ತು,
ಕೆಮ್ಮು ಮುಗಿಯೋದ್ರಾಗ ಚಾ ಆರಿತ್ತು.
“ನನಗ ಎಲ್ಲೆಲ್ಲಿ ಸ್ಕ್ರೂ ಅವ, ನೋಡು ಜರಾ.”

ಅವ ಹೋದ ಮ್ಯಾಲ ಹಾಜರಿ ಪುಸ್ತಕ ತಗದೆ.
ಪೆನ್ನಿಲೆ ಬರದದ್ದು, ರಬ್ಬರಿಗೆ ಹೋಗಂಗಿಲ್ಲ.
ಮೇಜಿನ ಮ್ಯಾಲ ಒಂದು ಸ್ಕ್ರೂ ಉಳದದ.
ಹತ್ತು ಬಿಚ್ಚಿದ್ದೆ.